ಸೇವ್ ಆಗ್ಯಾದಂತ ಅದು ಹೇಳ್ತದ

ಯಾರು ಚಹಾ ಕೊಟ್ಟರೂ ಅವರು ಮೊದಲು ಕಪ್ಪಿನೊಳಗೆ ಇಣುಕಿ ನೋಡುತ್ತಿದ್ದರು. ಆಮೇಲೆ ಕಪ್ಪನ್ನು ತಿರುಗಿಸಿ, ಹಿಡಿಕೆಯ ನೇರ ಮೇಲಿರುವ ಅಂಚಿಗೆ ತುಟಿ ಹಚ್ಚಿ, ಬೆರಳು ಮೂಗಿಗೆ ಅಡ್ಡ ಬಂದರೂ ಹಾಗೇ ಕಷ್ಟಪಟ್ಟು ಕುಡಿಯುತ್ತಿದ್ದರು. ಆ ಜಾಗಕ್ಕೆ ಬೇರೆ ಯಾರೂ ಬಾಯಿ ಹಚ್ಚಿರುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಆಫೀಸಿನ ಕಪ್ಪುಗಳನ್ನು ತೊಳೆಯುತ್ತಿದ್ದವಳು ನಾನು. ಬಿಸಿನೀರು ಹಾಕಿ, ಸೋಪು ಹಚ್ಚಿ, ಬಟ್ಟೆಯಿಂದ ಒರೆಸಿ ಬೋರಲು ಹಾಕಿದ ಕಪ್ಪು ಅದು. ಮೊದಲ ದಿನ ಇದನ್ನು ನೋಡಿ ನನಗೆ ಮೈ ಉರಿಯಿತು. ತಾನು ತೊಳೆದ ಪಾತ್ರೆಯ ಮೇಲೆ ಸಂಶಯಪಟ್ಟವನ ಮೇಲೆ ಹೆಂಗಸಿಗೆ ಸಂಶಯ ಬರದೆ ಇನ್ನೇನು ಬರುತ್ತದೆ?

ಕಳೆದ ವಾರ, ಹಿಂದೆ ನಮ್ಮ ಆಫೀಸಿನಲ್ಲಿದ್ದ ಮಹಾನಂದಾ ಸುಲೇಪೇಟದಿಂದ ಫೋನ್ ಮಾಡಿ ಅವರು ತೀರಿಕೊಂಡ ಸುದ್ದಿ ಹೇಳಿದಳು. ವಾಡಿ ಊರಿನ ತಮ್ಮ ಮನೆಯಲ್ಲೇ, ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನಾನು ಆಗ ಜೋಳ ಹಸನು ಮಾಡುತ್ತ ಕೂತಿದ್ದೆ. ಮೊರ ಪಕ್ಕಕ್ಕಿಟ್ಟೆ. ನೆನಪಾದದ್ದು ಆ ಕಪ್ಪು.

ನಮ್ಮ ಆಫೀಸಿನಲ್ಲಿ ಅವರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ‘ವಾಡಿಯವರು’ ಎಂದರೆ ಅವರೇ. ಚಿತ್ತಾಪುರದ ಬಜಾರಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ನಕ್ಷೆ ಆಫೀಸು. ಶಹಾಬಾದ ಸೀಮೆಯ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ, ಸೇಡಂ ಕಡೆಯ ತೊಗರಿ ಹೊಲ, ಚಿಂಚೋಳಿ ಕಡೆಯ ಗುಡ್ಡದ ಪಟ್ಟಿ, ಯಾರಿಗೆ ಅಳತೆ ಬೇಕೋ ಮಾಲಕರು ಹೋಗಿ ಅಳೆದು ಬರುತ್ತಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ನಕ್ಷೆ ಮಾಡುವುದು ಮಹಾನಂದಾ ಮತ್ತು ರಫೀಕನ ಕೆಲಸ. ಬಂದವರನ್ನು ಕೂಡಿಸುವುದು, ಫೋನು, ಪ್ರಿಂಟು, ಚಹಾ ಇವೆಲ್ಲ ನನ್ನವು. ನಕ್ಷೆಗಳು ಯಾರ ಕಂಪ್ಯೂಟರಿನಲ್ಲೂ ಇರುತ್ತಿರಲಿಲ್ಲ. ಒಳಕೋಣೆಯ ಕಪಾಟಿನಲ್ಲಿ ಒಂದು ಸಣ್ಣ ಕರಿ ಪೆಟ್ಟಿಗೆ ಇತ್ತು. ವೈರಿನಿಂದ ಎಲ್ಲ ಕಂಪ್ಯೂಟರುಗಳೂ ಅದಕ್ಕೆ ಕೂಡಿದ್ದವು. ಎಲ್ಲರ ಕೆಲಸವೂ ಹೋಗಿ ಅಲ್ಲಿ ಕೂಡುತ್ತಿತ್ತು. ಅದಕ್ಕೆ ನಾವು ಸರ್ವರ್ ಎನ್ನುತ್ತಿದ್ದೆವು. ಅದನ್ನು ತಂದು ಜೋಡಿಸಿದವರು ವಾಡಿಯವರು.

ನೋಡಲು ತೆಳ್ಳಗೆ, ಎತ್ತರ. ಬೆನ್ನು ಸ್ವಲ್ಪ ಬಾಗಿತ್ತು. ವಾಡಿಯಿಂದ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದರು. ಅಂಗಿಯ ಮಡಿಕೆಯಲ್ಲಿ ಯಾವಾಗಲೂ ತೆಳುವಾಗಿ ಸಿಮೆಂಟಿನ ಬೂದಿ ಕೂತಿರುತ್ತಿತ್ತು. ಸಿಮೆಂಟ್ ಕಾರ್ಖಾನೆಯ ಊರು, ಅಲ್ಲಿನ ಗಾಳಿಯೇ ಹಾಗೆ. ಸ್ಟೇಶನ್ನಿನಿಂದ ನಡೆದು ಬಂದವರು ನೇರ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಗೋಡೆ ಗಡಿಯಾರ ನೋಡುತ್ತಿದ್ದರು, ತಮ್ಮ ಕೈಗಡಿಯಾರ ನೋಡುತ್ತಿದ್ದರು, ಆಮೇಲೆ ನನ್ನನ್ನು ಕೇಳುತ್ತಿದ್ದರು: ಟೈಮ್ ಎಷ್ಟಾತ್ರಿ ಅಕ್ಕೋರ? ಬಸ್ಸಿನ ವಿಷಯದಲ್ಲೂ ಅದೇ. ಒಮ್ಮೆ ಸೇಡಂಗೆ ಹೋಗಬೇಕಿತ್ತು. ಬಸ್ಸಿನ ಮುಂದೆ ಬೋರ್ಡು ದಪ್ಪ ಅಕ್ಷರದಲ್ಲಿ ಇತ್ತು. ಅದನ್ನು ಓದಿದರು, ಕಂಡಕ್ಟರನನ್ನು ಕೇಳಿದರು, ಡ್ರೈವರನನ್ನು ಕೇಳಿದರು, ಕೊನೆಗೆ ಹತ್ತಿ ಕೂತು ಪಕ್ಕದ ಮುದುಕಿಯನ್ನೂ ಕೇಳಿದರಂತೆ. ಆ ಮುದುಕಿ, ‘ನಾ ಹೊಂಟದ್ದು ಸೇಡಂಗ ತಮ್ಮಾ, ಬಸ್ಸು ಎಲ್ಲಿಗಿ ಹೊಂಟದ ಅದಕ್ಕೇ ಕೇಳು’ ಅಂದಳಂತೆ. ಇದನ್ನು ಹೇಳಿ ನಗಿಸುತ್ತಿದ್ದವನು ರಫೀಕ. ಅವನೂ ಅದೇ ಬಸ್ಸಿನಲ್ಲಿದ್ದ.

ಕೆಲಸಕ್ಕೆ ಕೂತರೆ ಇನ್ನೂ ವಿಚಿತ್ರ. ಬಾಗಿಲಿಗೆ ಬೆನ್ನು ಹಾಕಿ ಎಂದೂ ಕೂಡುತ್ತಿರಲಿಲ್ಲ. ಕಂಪ್ಯೂಟರ್ ತೆರೆದು ಒಂದು ಕಪ್ಪು ಪರದೆ ತರುತ್ತಿದ್ದರು. ಅದರ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಓಡುತ್ತಿದ್ದವು. ನಾನು ಪ್ರಿಂಟಿನ ಕಾಗದ ತರುವ ನೆವದಲ್ಲಿ ಅವರ ಹಿಂದೆ ಹೋಗಿ ನಿಂತರೆ ಕೈ ನಿಲ್ಲಿಸಿಬಿಡುತ್ತಿದ್ದರು. ನಾನು ಹೋದ ಮೇಲೆ ಮತ್ತೆ ಟಕಟಕ. ಜನರ ಹೊಲ-ಗಣಿಗಳ ಗಡಿಯೆಲ್ಲ ಇರುವ ಪೆಟ್ಟಿಗೆಯದು. ಅದರೊಳಗೆ ಈ ಮನುಷ್ಯ ಏನು ನೋಡುತ್ತಾನೆ, ಏನು ಒಯ್ಯುತ್ತಾನೆ ಎಂದು ನನಗೆ ಒಳಗೊಳಗೇ ಸಂಶಯ ಇತ್ತು. ಮಾಲಕರಿಗೂ ಇತ್ತು. ‘ಅಕ್ಕೋರ, ಅಂವ ಬಂದಾಗ ಜರಾ ಲಕ್ಷ್ಯ ಇಡ್ರಿ’ ಎಂದು ನನ್ನನ್ನು ಕಾವಲಿಗೆ ಹಾಕಿದ್ದರು. ಅವರು ಹೋದ ಮೇಲೆ ನಾನು ಟೇಬಲ್ಲಿನ ಡ್ರಾವರ್ ಸಹ ಎಳೆದು ನೋಡುತ್ತಿದ್ದೆ.

ಅವರಿಗೆ ಇದು ಗೊತ್ತಿತ್ತು. ಒಂದು ದಿನ ಹೊರಡುವ ಮುಂದೆ ತಾವೇ ಚೀಲ ಬಿಚ್ಚಿ ನನ್ನ ಮುಂದಿಟ್ಟರು. ಒಂದು ಸ್ಕ್ರೂಡ್ರೈವರು, ವೈರಿನ ಸುರುಳಿ, ನೀರಿನ ಬಾಟಲಿ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ‘ನೋಡ್ರಿ ಅಕ್ಕೋರ, ನಾ ಹೋದ ಮ್ಯಾಲ ಹುಡುಕೋದಕ್ಕಿಂತ ಈಗೇ ನೋಡೋದು ಚಲೋ’ ಅಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ನನಗೇ ಒಂದು ನಮೂನೆ ಆಯಿತು. ಆದರೂ ನೋಡಿದೆ.

ಅವರ ಒಂದು ಚಾಳಿ ಎಲ್ಲರಿಗೂ ನಗೆಯ ವಸ್ತುವಾಗಿತ್ತು. ಯಾರಾದರೂ ನಕ್ಷೆ ಮುಗಿಸಿ ಸೇವ್ ಮಾಡಿದರೆ ಪರದೆಯ ಮೂಲೆಯಲ್ಲಿ ಸೇವ್ ಆಯಿತು ಎಂದು ಬರುತ್ತದಲ್ಲ, ಅದನ್ನು ಅವರು ನಂಬುತ್ತಿರಲಿಲ್ಲ. ಎದ್ದು ಇನ್ನೊಂದು ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಸರ್ವರಿನೊಳಗಿನ ಅದೇ ನಕ್ಷೆ ತೆರೆದು ನೋಡುತ್ತಿದ್ದರು. ಅಲ್ಲಿ ಕಂಡರೆ ಮಾತ್ರ ತಲೆ ಆಡಿಸುತ್ತಿದ್ದರು. ರಫೀಕ ಒಮ್ಮೆ, ‘ಕ್ಯಾ ಸಾಬ್, ಸೇವ್ ಆಗ್ಯಾದಂತ ಬಂದದಲ್ರಿ’ ಎಂದು ಕೇಳಿದ. ‘ಆಗ್ಯಾದಂತ ಅದು ಹೇಳ್ತದ. ಹೇಳೋದು ಅದರ ಕೆಲಸ, ನೋಡೋದು ನಮ್ಮ ಕೆಲಸ’ ಅಂದರು. ಅಂದಿನಿಂದ ರಫೀಕ ನಾನು ಚಹಾ ಕೊಟ್ಟೆ ಎಂದಾಗಲೆಲ್ಲ, ‘ಕೊಟ್ಟೀನಂತ ಅಕ್ಕೋರು ಹೇಳ್ತಾರ’ ಎಂದು ಕಪ್ಪಿನೊಳಗೆ ಇಣುಕಲು ಶುರು ಮಾಡಿದ.

ಆ ವರ್ಷ ಗಣಿಯ ನಕ್ಷೆಗಳು ದೊಡ್ಡವಾಗುತ್ತ ಹೋದವು. ಮೇಲಿನಿಂದ ತೆಗೆದ ಫೋಟೋದ ಮೇಲೆ ಗೆರೆ ಎಳೆಯುವ ಪದ್ಧತಿ ಬಂತು. ಒಂದೊಂದು ನಕ್ಷೆ ಸೇವ್ ಆಗುವುದಕ್ಕೆ ಮಹಾನಂದಾ ಕೈಕಟ್ಟಿ ಕೂತು ಕಾಯಬೇಕಾಗುತ್ತಿತ್ತು. ಮಾಲಕರು ವಾಡಿಯವರನ್ನು ಕರೆಸಿ, ಇದೇನು ಎತ್ತಿನ ಗಾಡಿ ತಂದು ಹಾಕೀರಿ ಎಂದು ಹಂಗಿಸಿದರು. ಬೇಕೆಂತಲೇ ನಿಧಾನ ಮಾಡಿ ಇನ್ನೊಂದು ದೊಡ್ಡ ಪೆಟ್ಟಿಗೆ ಮಾರುವ ಹುನ್ನಾರ ಇದು ಎಂದು ಅವರು ಹೋದ ಮೇಲೆ ನಮ್ಮ ಮುಂದೆಯೂ ಅಂದರು. ನನಗೂ ಇದ್ದರೂ ಇರಬಹುದು ಅನಿಸಿತು.

ವಾಡಿಯವರು ಹೊಸ ಪೆಟ್ಟಿಗೆಯ ಮಾತೇ ಎತ್ತಲಿಲ್ಲ. ಮರುದಿನ ಬಂದು ಪ್ರತಿ ಕಂಪ್ಯೂಟರಿಗೂ ಕೂತು ಕಪ್ಪು ಪರದೆಯಲ್ಲಿ ಏನೋ ಬದಲಿಸಿದರು. ಏನು ಮಾಡಲಿಕ್ಕತ್ತೀರಿ ಎಂದು ನಾನು ಎದುರಿಗೇ ಕೇಳಿದೆ. ಅವತ್ತು ನನಗೆ ತಿಳಿಸಿ ಹೇಳಿದರು. ಕಂಪ್ಯೂಟರು ಪ್ರತಿ ಸಲ ವೈರಿನುದ್ದಕ್ಕೂ ಹೋಗಿ ಪೆಟ್ಟಿಗೆಯಲ್ಲಿ ಇಟ್ಟು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಅದರ ಬದಲು ತನ್ನ ಮೆಮರಿಯಲ್ಲೇ ಒಂದಿಷ್ಟು ಹಿಡಿದುಕೊಂಡು, ಆಮೇಲೆ ಒಟ್ಟಿಗೆ ಕಳಿಸಿದರೆ ಕೂತವರಿಗೆ ಕೆಲಸ ಹಗುರ. ಎಷ್ಟು ಹಿಡಿದುಕೊಳ್ಳಬೇಕು, ಎಷ್ಟು ಹೊತ್ತು ಹಿಡಿದುಕೊಳ್ಳಬೇಕು ಎಂಬುದನ್ನು ಹೇಳಿಕೊಡಬಹುದು. ಮೊದಲು ಚೂರೇ ಚೂರು ಇತ್ತು, ಈಗ ಹೆಚ್ಚಿಗೆ ಮಾಡಿದ್ದೇನೆ ಅಂದರು.

ನನಗೆ ಇದು ಒಲೆಯ ಮುಂದಿನ ಕೆಲಸದಂತೆ ಕಂಡಿತು. ಒಂದೊಂದು ರೊಟ್ಟಿ ಬೆಂದಾಗಲೂ ಎದ್ದು ಒಳಕೋಣೆಯ ಬುಟ್ಟಿಗೆ ಇಟ್ಟು ಬರುತ್ತ ಹೋದರೆ ಅಡುಗೆ ಮುಗಿಯುವುದು ಯಾವಾಗ? ಪಕ್ಕದ ತಾಟಿನಲ್ಲಿ ಪೇರಿಸಿಟ್ಟು, ಎಲ್ಲ ಮುಗಿದ ಮೇಲೆ ಒಯ್ಯುತ್ತೇವೆ. ರೊಟ್ಟಿ ಆದವೇನು ಎಂದು ಯಾರಾದರೂ ಕೇಳಿದರೆ ಆದವು ಎನ್ನುತ್ತೇವೆ. ಹಾಗೆಂದು ಹೇಳಿದೆ. ಅವರು ಕಪ್ಪನ್ನು ತಿರುಗಿಸುತ್ತ, ‘ಅಗದೀ ಹಂಗೇ. ಖರೆ, ಬುಟ್ಟಿಗಿ ಹೋಗೂಕಿಂತ ಮೊದಲು ನಾಯಿ ಒಳಗ ಬರಬಾರದು’ ಅಂದರು.

ಆಗ ಮಾಲಕರೂ ಅಲ್ಲೇ ಇದ್ದರು. ಅವರ ಕಡೆ ತಿರುಗಿ ವಾಡಿಯವರು ಒಂದು ಮಾತು ಹೇಳಿದರು. ಸಂಜೆ ಕಂಪ್ಯೂಟರುಗಳನ್ನು ಅವರವರೇ ಬಂದ್ ಮಾಡಬೇಕು, ಪರದೆ ಪೂರ್ತಿ ಕಪ್ಪಾಗುವ ತನಕ ಮೇನ್ ಸ್ವಿಚ್ಚಿಗೆ ಯಾರೂ ಕೈ ಹಚ್ಚಬಾರದು. ಮಾಲಕರು ಫೋನಿನಲ್ಲಿ ಯಾರಿಗೋ ನಂಬರು ಒತ್ತುತ್ತ, ‘ಆಯ್ತಾಯ್ತು’ ಅಂದರು.

ಇಲ್ಲಿ ಮಾಲಕರ ಮೇನ್ ಸ್ವಿಚ್ಚಿನ ವಿಷಯ ಹೇಳಬೇಕು. ನಮ್ಮ ಓಣಿಯ ತುದಿಯ ಬಟ್ಟೆ ಅಂಗಡಿಯೊಂದು ವೈರ್ ಸುಟ್ಟು ಬೆಂಕಿ ಹತ್ತಿ ಹೋಗಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ಗೋಡೆಯೊಳಗಿನ ಕರೆಂಟಿನ ಮೇಲೆ ನಂಬಿಕೆ ಹೋಗಿತ್ತು. ಲೈಟ್ ಹೋದಾಗ ಕಂಪ್ಯೂಟರ್ ನಡೆಸುವ ಬ್ಯಾಟರಿಗಳಿದ್ದವಲ್ಲ, ಅವು ಬಿಸಿಯಾಗುತ್ತವೆ ಎಂದು ಕಿತ್ತಿಸಿ ಹಾಕಿದ್ದರು. ಸಂಜೆಯಾಯಿತೆಂದರೆ, ‘ಸೇವ್ ಮಾಡ್ರಿ, ನಡೀರಿ. ಬಂದ್ ನಾ ಮಾಡ್ತೀನಿ’ ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಮಹಾನಂದಾಗೆ ಶಹಾಬಾದ ಬಸ್ಸಿನ ಗಡಬಡಿ. ಆಕೆ ಸೇವ್ ಒತ್ತಿ, ಆಯಿತು ಎಂದು ಬಂದದ್ದು ನೋಡಿ, ಚೀಲ ಹಾಕಿಕೊಂಡು ಓಡುತ್ತಿದ್ದಳು. ಆಕೆ ಮೆಟ್ಟಿಲು ಇಳಿಯುವಷ್ಟರಲ್ಲಿ ಮಾಲಕರು ಮೇನ್ ಎಳೆದಿರುತ್ತಿದ್ದರು. ಒಂದೇ ಏಟಿಗೆ ಫ್ಯಾನು, ದೀಪ, ಕಂಪ್ಯೂಟರು ಎಲ್ಲ ಕತ್ತಲು. ಆ ಸ್ವಿಚ್ಚು ಬೀಳುವ ಸದ್ದು ಕೇಳಿದರೆ ಅವರ ಮುಖದಲ್ಲಿ ಸಮಾಧಾನ ಕಾಣುತ್ತಿತ್ತು. ವಾಡಿಯವರು ಹೇಳಿಹೋದ ಮೇಲೂ ಇದು ಹಾಗೇ ನಡೆಯಿತು.

ಕಂಪ್ಯೂಟರುಗಳು ಮಾತ್ರ ಹಕ್ಕಿಯಂತಾದವು. ಸೇವ್ ಒತ್ತುವುದೇ ತಡ, ಆಯಿತು. ಮಾಲಕರು ಖುಷಿ. ಆದರೆ ಸ್ವಲ್ಪ ದಿನದಲ್ಲಿ ಆಫೀಸಿನಲ್ಲಿ ಸಣ್ಣ ಸಣ್ಣ ಕಿರಿಕಿರಿ ಶುರುವಾಯಿತು. ನಾ ಬರೆದಿದ್ದ ಹೆಸರು ಯಾರು ಅಳಿಸಿದರು ಎಂದು ರಫೀಕ. ನಿನ್ನ ಕಂಪ್ಯೂಟರ್ ನಾನ್ಯಾಕೆ ಮುಟ್ಟಲಿ ಎಂದು ಮಹಾನಂದಾ. ಒಂದು ಬಾವಿಯ ಗುರುತು ನಕ್ಷೆಯಿಂದ ಮಾಯ. ಬಾಯಿಮಾತಿಗೆ ಮರೆತಿರಬೇಕು ಎಂದರೂ ಮನಸ್ಸಿನಲ್ಲಿ ಎಲ್ಲರೂ ಇನ್ನೊಬ್ಬರ ಕೈ ನೋಡತೊಡಗಿದೆವು. ಮೊದಲು ಮಧ್ಯಾಹ್ನ ಬುತ್ತಿ ಬಿಚ್ಚಿ ಶೇಂಗಾ ಚಟ್ನಿ ಹಂಚಿಕೊಂಡು ಉಣ್ಣುತ್ತಿದ್ದ ಇಬ್ಬರೂ ಬೇರೆ ಬೇರೆ ಉಣ್ಣುವುದಕ್ಕೆ ಹತ್ತಿದರು. ನಾನು ನಡುವೆ ಕೂತು ಯಾರ ಡಬ್ಬಿಯಲ್ಲೂ ಕೈ ಹಾಕದೆ ಉಣ್ಣುತ್ತಿದ್ದೆ.

ಅಂಥದರಲ್ಲಿ ಗೌಡರ ನಕ್ಷೆ ಬಂತು. ಗೌಡರು ಶಹಾಬಾದ ಹತ್ತಿರದ ಗಣಿ ಮಾಲಕರು. ಪಕ್ಕದ ಗಣಿಯವನಿಗೂ ಅವರಿಗೂ ಮೂಡಲ ಗಡಿಯ ಜಗಳ. ಮೊದಲ ಅಳತೆ ತಪ್ಪಾಗಿದೆ ಎಂದು ನಮ್ಮ ಮಾಲಕರು ಮತ್ತೊಮ್ಮೆ ಹೋಗಿ ಅಳೆದು ಬಂದರು. ಗಡಿ ಪಕ್ಕದವನ ಕಡೆಗೆ ಸರಿಯಬೇಕಿತ್ತು. ಸಂಜೆಯ ಹೊತ್ತಿಗೆ ಮಹಾನಂದಾ ಎಲ್ಲರ ಕಣ್ಣೆದುರಿಗೆ ಹಳೆ ಗೆರೆ ತೆಗೆದು ಹೊಸ ಗೆರೆ ಎಳೆದಳು, ಸೇವ್ ಮಾಡಿದಳು, ಬಸ್ಸಿಗೆ ಓಡಿದಳು. ಮಾಲಕರು ಮೇನ್ ಎಳೆದರು. ಮರುದಿನ ಮುಂಜಾನೆ ನಾನು ಬಂದು ಆ ನಕ್ಷೆಯನ್ನು ಪ್ರಿಂಟ್ ಮಾಡಿ, ಲಕೋಟೆಯಲ್ಲಿ ಹಾಕಿ, ಕಾಯುತ್ತ ನಿಂತಿದ್ದ ಗೌಡರ ಆಳಿನ ಕೈಗೆ ಕೊಟ್ಟೆ. ಮಾಲಕರು ಇನ್ನೂ ಬಂದಿರಲಿಲ್ಲ. ಗೆರೆ ಎಲ್ಲಿದೆ ಎಂದು ನೋಡುವುದು ನನಗೆ ತಿಳಿಯುವ ಕೆಲಸವಲ್ಲ.

ಗಣಿಯ ದಂಡೆಯಲ್ಲಿ ಎರಡೂ ಕಡೆಯವರು ಸೇರಿದ್ದರಂತೆ. ಗೌಡರು ಜೋರಿನಿಂದ ನಕ್ಷೆ ಬಿಚ್ಚಿ ಹಾಸಿದ್ದಾರೆ. ಅದರಲ್ಲಿ ಇದ್ದದ್ದು ಹಳೆ ಗೆರೆ. ಪಕ್ಕದ ಗಣಿಯವನು ಬಗ್ಗಿ ನೋಡಿ, ಇದನ್ನೇ ತಾನೇ ನಾನೂ ಹೇಳುವುದು ಗೌಡ್ರ, ನೀವೇ ಬರಕೊಂಡು ಬಂದೀರಿ ಎಂದು ನಕ್ಕನಂತೆ.

ಮಧ್ಯಾಹ್ನದ ಹೊತ್ತಿಗೆ ಗೌಡರು ನಮ್ಮ ಆಫೀಸಿನಲ್ಲಿದ್ದರು. ಕೂಡ್ರಿ ಎಂದರೂ ಕೂಡಲಿಲ್ಲ. ಸರ್ವರಿನೊಳಗೆ ನೋಡಿದರೆ ಅಲ್ಲೂ ಹಳೆ ಗೆರೆಯೇ. ಮಾಲಕರು ಮಹಾನಂದಾಳ ಮುಖ ನೋಡಿದರು. ಆಕೆಯ ಸೋದರಮಾವ ಆ ಪಕ್ಕದ ಗಣಿಯಲ್ಲಿ ಕಲ್ಲು ಸೀಳುವವನು. ಇದು ಎಲ್ಲರಿಗೂ ಗೊತ್ತಿತ್ತು, ಅದುವರೆಗೆ ಯಾರಿಗೂ ಅದೊಂದು ವಿಷಯವಾಗಿರಲಿಲ್ಲ. ಅವತ್ತು ಆಯಿತು. ಗೌಡರು, ಆಕೆ ತನ್ನ ಕಂಪ್ಯೂಟರಿನ ಪಕ್ಕ ಇಟ್ಟುಕೊಂಡಿದ್ದ ಬುದ್ಧನ ಪುಟ್ಟ ಪಟದ ಕಡೆ ಒಮ್ಮೆ, ಆಕೆಯ ಕಡೆ ಒಮ್ಮೆ ನೋಡಿ, ಇಂಥವರನ್ನು ಇಟ್ಟುಕೊಂಡರೆ ಇನ್ನೇನಾಗುತ್ತದೆ ಎಂದರು. ಆಕೆ, ‘ನಾ ಎಳದೀನ್ರಿ. ಸೇವ್ ಮಾಡೀನ್ರಿ. ನೀವೇ ನೋಡೀರಲ್ರಿ ಸಾಹೇಬ್ರ’ ಎಂದಷ್ಟೇ ಹೇಳಿದಳು. ಮಾಲಕರು ಗೌಡರ ಕಡೆ ತಿರುಗಿದರು. ನಾಳೆ ವಾಡಿಯವನನ್ನು ಕರೆಸುತ್ತೇನೆ, ಆಮೇಲೆ ಯಾರು ತೆಗೆದರು ಎಂಬುದು ಬಯಲಾಗುತ್ತದೆ, ಬಯಲಾದರೆ ಈಕೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಗೌಡರಿಗೆ ಮಾತು ಕೊಟ್ಟರು. ಆಕೆಯ ಮನೆಯಲ್ಲಿ ತಂದೆ ಹಾಸಿಗೆ ಹಿಡಿದಿದ್ದರು. ಆಕೆಯ ಪಗಾರವೇ ಒಲೆ ಉರಿಸುತ್ತಿತ್ತು. ಅದಕ್ಕಿಂತಲೂ, ಚಿತ್ತಾಪುರದಂಥ ಊರಲ್ಲಿ ಗಡಿ ಮಾರಿದವಳು ಎಂದು ಒಮ್ಮೆ ಹೆಸರು ಬಿದ್ದರೆ ಇನ್ಯಾವ ಆಫೀಸು ಒಳಗೆ ಬಿಟ್ಟುಕೊಳ್ಳುತ್ತದೆ? ನನಗೆ ಆಕೆಯ ಮೇಲೆ ಸಂಶಯ ಇರಲಿಲ್ಲ ಎಂದು ಈಗ ಬರೆಯುವುದು ಸುಲಭ. ಅವತ್ತು ಸೋದರಮಾವನ ಮಾತು ಬಂದಾಗ ನನ್ನ ಮನಸ್ಸೂ ಒಂದು ಗಳಿಗೆ ಅತ್ತಿತ್ತ ಹೊಯ್ದಾಡಿತು.

ಮರುದಿನ ಗೌಡರೂ ಬಂದು ಕೂತಿದ್ದರು. ವಾಡಿಯವರು ಬಂದು, ಗಡಿಯಾರ ನೋಡಿ, ಒಳಗೆ ಬಂದರು. ಯಾರು ಮಾಡಿದ್ದು ಎಂಬುದನ್ನು ಅವರು ಕೇಳಲೇ ಇಲ್ಲ. ಇತ್ತೀಚೆಗೆ ಏನೇನು ಕಳೆದುಹೋಗಿದೆ, ಯಾವ ಹೊತ್ತಿನ ಕೆಲಸ ಎಂದು ಒಬ್ಬೊಬ್ಬರನ್ನೇ ಕೂಡಿಸಿ ಕೇಳಿದರು. ರಫೀಕ ಬರೆದ ಹೆಸರು, ಬಾವಿಯ ಗುರುತು, ಗೌಡರ ಗೆರೆ. ಎಲ್ಲವೂ ಸಂಜೆ ಎದ್ದುಹೋಗುವ ಮೊದಲಿನ ಕೊನೆಯ ಕೆಲಸ. ಮುಂಜಾನೆಯ ಕೆಲಸ ಒಂದೂ ಹೋಗಿರಲಿಲ್ಲ. ಅವರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನೇ ನೋಡುತ್ತ ಕೂತರು.

ಆಮೇಲೆ ಗೌಡರ ಕಡೆ ತಿರುಗಿ, ಒಂದು ಗೆರೆ ಎಳೆಯಬಹುದೇ ಎಂದು ಕೇಳಿದರು. ಗೌಡರು ಜೀವನದಲ್ಲಿ ಮೌಸ್ ಹಿಡಿದವರಲ್ಲ. ಮಹಾನಂದಾಳ ಕುರ್ಚಿಯಲ್ಲೇ ಅವರನ್ನು ಕೂಡಿಸಿ, ಹೊಸ ನಕ್ಷೆ ತೆರೆದುಕೊಟ್ಟು, ಬೇರೆ ಯಾರೂ ಹತ್ತಿರ ಬರಬಾರದೆಂದು ನಮ್ಮನ್ನೆಲ್ಲ ಗೋಡೆಗೆ ನಿಲ್ಲಿಸಿದರು. ಗೌಡರು ನಾಲಿಗೆ ಕಚ್ಚಿಕೊಂಡು ಒಂದು ಸೊಟ್ಟ ಗೆರೆ ಎಳೆದರು. ತಾವೇ ಸೇವ್ ಒತ್ತಿದರು. ಆಯಿತು ಎಂದು ಬಂತು. ‘ಆಯ್ತ ನೋಡ್ರಿ’ ಎಂದು ಹೆಮ್ಮೆಯಿಂದ ನಮ್ಮ ಕಡೆ ನೋಡಿದರು. ಆಗ ವಾಡಿಯವರು ಮಾಲಕರಿಗೆ, ದಿನಾ ಸಂಜೆ ಏನು ಮಾಡುತ್ತೀರೋ ಅದನ್ನೇ ಈಗ ಮಾಡ್ರಿ ಅಂದರು. ಮಾಲಕರು ಹೋಗಿ ಮೇನ್ ಎಳೆದರು.

ಮತ್ತೆ ಮೇನ್ ಹಾಕಿ, ಎಲ್ಲ ಚಾಲೂ ಆಗುವ ತನಕ ಕಾಯ್ದೆವು. ಹೊರಗೆ ಯಾರೋ ಮೆಣಸಿನಕಾಯಿ ಭಜಿ ಕರಿಯುತ್ತಿದ್ದ ವಾಸನೆ ಬರುತ್ತಿತ್ತು. ನಕ್ಷೆ ತೆರೆದರೆ ಪರದೆ ಬಿಳಿ. ಗೆರೆ ಇಲ್ಲ. ಗೌಡರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಪರದೆಗೆ ಮೂಗು ಹಚ್ಚಿ ಹುಡುಕಿದರು.

‘ನಾ ಎಳದಿದ್ನಲ್ಲ’ ಎಂದರು. ‘ಸೇವೂ ಮಾಡೀನಿ.’

ವಾಡಿಯವರು ಅವರ ಪಕ್ಕಕ್ಕೆ ಸ್ಟೂಲು ಎಳೆದು ಕೂತು ಕೇಳಿದರು: ‘ಗೌಡ್ರ, ಆ ಗೆರಿ ತಗೀಲಿಕ್ಕ ನಿಮಗ ಯಾರು ಏನು ಕೊಟ್ರು?’

ಗೌಡರ ಮುಖ ಕೆಂಪಾಯಿತು. ರಫೀಕ ಗೋಡೆಯ ಕಡೆ ತಿರುಗಿ ಕೆಮ್ಮಿದ. ಮಹಾನಂದಾ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು.

ಗೌಡರು ಮಾತ್ರ ಅಷ್ಟಕ್ಕೇ ಬಿಡುವ ಪೈಕಿ ಅಲ್ಲ. ಮೆಮರಿಯಲ್ಲಿದ್ದದ್ದು ಪೆಟ್ಟಿಗೆಗೆ ಹೋಗುವ ಮೊದಲೇ ಕರೆಂಟು ತೆಗೆದರೆ ಹೀಗಾಗುತ್ತದೆ ಎಂದು ತಿಳಿದ ಕೂಡಲೇ ಅವರು ಮಾಲಕರ ಕಡೆ ತಿರುಗಿದರು. ಹಾಗಾದರೆ ಕರೆಂಟು ತೆಗೆದವರು ಯಾರು? ಹೀಗೆ ತೆಗೆಯಬಾರದು ಎಂದು ನಿಮಗೆ ಯಾರೂ ಹೇಳಿರಲಿಲ್ಲವೇ? ಮಾಲಕರ ಕೈ ಇನ್ನೂ ಸ್ವಿಚ್ಚಿನ ಹತ್ತಿರವೇ ಇತ್ತು. ಅವರು ವಾಡಿಯವರನ್ನು ನೋಡಿದರು. ವಾಡಿಯವರು ಅವರನ್ನು ನೋಡಿದರು. ನಾನು ಬಾಯಿ ತೆರೆದೆ. ವಾಡಿಯವರು ನನ್ನ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಿರಿ ಎಂಬಂತೆ ಮಾಡಿದರು.

‘ತಪ್ಪು ನಂದದ’ ಅಂದರು. ‘ಲಗೂ ಆಗಲಿ ಅಂತ ನಾನೇ ಭಾಳ ಹಿಡಕೊಳ್ಳೂ ಹಂಗ ಮಾಡಿದ್ದೆ. ಸಾಹೇಬ್ರಿಗಿ ಇದರದ್ದು ಏನು ಗೊತ್ತು. ಈ ಹುಡುಗಿಗಿ ಅಂತೂ ಮೊದಲೇ ಗೊತ್ತಿಲ್ಲ.’

ಮಾಲಕರು ಸ್ವಿಚ್ಚಿನಿಂದ ಕೈ ತೆಗೆದು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಅವರಿಗೂ ದನಿ ಬಂತು. ಇಂಥ ಸೆಟ್ಟಿಂಗ್ ಮಾಡುವವರಿಗೆ ಬುದ್ಧಿ ಬೇಡವೇ, ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಬೀಳುತ್ತಿತ್ತಲ್ಲ ಎಂದು ಗೌಡರಿಗೆ ಕೇಳುವಂತೆ ಬೈದರು. ವಾಡಿಯವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯುತ್ತ ಬೈಯುತ್ತ ಮಾಲಕರು ಮಹಾನಂದಾಗೆ, ನೀನು ಕೂಡು, ಗೌಡರ ಗೆರೆ ಮತ್ತೆ ಎಳೆ ಎಂದು ಅಂದುಬಿಟ್ಟಿದ್ದರು. ಆಕೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಗೌಡರಿಗೂ ಹೊಸ ನಕ್ಷೆ ಹಿಡಿದು ಪಕ್ಕದ ಗಣಿಯವನ ಮುಂದೆ ಮತ್ತೊಮ್ಮೆ ಕೂಡುವ ದಾರಿ ಸಿಕ್ಕಿತು, ಬೈಯಲು ಒಬ್ಬ ಮನುಷ್ಯ ಸಿಕ್ಕಿದ. ಅವರು ಹಗುರಾಗಿ ಎದ್ದು ಹೋದರು.

ಹೊಸ ಗೆರೆ ಎಳೆದಾದ ಮೇಲೆ ವಾಡಿಯವರು ಎಂದಿನಂತೆ ಎದ್ದು ರಫೀಕನ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ತೆರೆದು ನೋಡಿದರು. ಮಹಾನಂದಾಗೆ ಅದು ನಾಟಿತು. ಇನ್ನೂ ನನ್ನ ಮೇಲೆ ಸಂಶೇ ಅದ ಏನ್ರಿ ಎಂದು ಕೇಳಿದಳು. ‘ನಿನ್ನ ಮ್ಯಾಲ ಅಲ್ಲವ್ವಾ’ ಎಂದು ಪೆಟ್ಟಿಗೆಯ ಕಡೆ ತೋರಿಸಿದರು. ಆಮೇಲೆ ಎಲ್ಲ ಕಂಪ್ಯೂಟರುಗಳ ಮುಂದೆ ಕೂತು ಹಿಡಿದುಕೊಳ್ಳುವುದನ್ನು ಮತ್ತೆ ಚೂರಿಗೆ ಇಳಿಸಿದರು. ನಮ್ಮದು ಮತ್ತೆ ಎತ್ತಿನ ಗಾಡಿ ಆಯಿತು.

ಅವರನ್ನು ಬಾಗಿಲ ತನಕ ಕಳಿಸಲು ಹೋದಾಗ ನಾನು ತಡೆಯಲಾರದೆ ಕೇಳಿದೆ. ನೀವು ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೇನೆ, ಯಾಕೆ ಹೀಗೆ ಮಾಡಿದಿರಿ ಎಂದೆ. ಅವರು ಚಪ್ಪಲಿ ಕೊಡವಿ, ಒಳಗೆ ಏನಾದರೂ ಇದೆಯೇ ಎಂದು ನೋಡಿ, ಹಾಕಿಕೊಂಡರು.

‘ಅಕ್ಕೋರ, ಸಾಹೇಬ್ರ ತಪ್ಪು ಅಂದಿದ್ರ ಅವರು ಗೌಡನ ಮುಂದ ಒಪ್ಕೊಂತಿರಲಿಲ್ಲ. ಒಪ್ಕೊಳ್ಳಲಿಲ್ಲಂದ್ರ ತಪ್ಪು ಇನ್ಯಾರದರ ಆಗಬೇಕಲ್ಲ? ಸುತ್ತಾಡಿ ಮತ್ತ ಆ ಹುಡುಗಿ ತಲಿ ಮ್ಯಾಲೇ ಬರ್ತಿತ್ತು. ಈ ಮಾತು ಇಲ್ಲೇ ಬಿಡ್ರಿ.’

ಬಿಟ್ಟೆ. ಆದರೂ ನಿಜ ಹೇಳಬೇಕೆಂದರೆ ಅವರ ಆ ಮಾತಿನ ಮೇಲೂ ನನಗೆ ಬಹಳ ದಿನ ಸಂಶಯ ಇತ್ತು. ಲಾಭವಿಲ್ಲದೆ ಯಾರಾದರೂ ಇನ್ನೊಬ್ಬರ ತಪ್ಪು ತಲೆಗೆ ಕಟ್ಟಿಕೊಳ್ಳುತ್ತಾರೆಯೇ, ಮಾಲಕರಿಂದ ಹಿಂದಿನಿಂದ ಏನೋ ಬಂದಿರಬೇಕು ಎಂದು ಕಾಯುತ್ತಿದ್ದೆ. ಬಂದದ್ದು ಇಷ್ಟೇ: ಮಾಲಕರು ಅವರನ್ನು ಮತ್ತೆ ಕರೆಯಲಿಲ್ಲ. ಕಲಬುರಗಿಯಿಂದ ಬೇರೊಬ್ಬನನ್ನು ಗೊತ್ತು ಮಾಡಿದರು. ಬಜಾರಿನಲ್ಲಿ ಮಾತು ಹಬ್ಬಿತು. ಔಷಧ ಅಂಗಡಿಯವರು, ಗೊಬ್ಬರದ ಅಂಗಡಿಯವರು ಕೂಡ ವಾಡಿಯವನ ಕೈಗೆ ಕಂಪ್ಯೂಟರ್ ಕೊಟ್ಟರೆ ಇದ್ದದ್ದೂ ಹೋಗುತ್ತದೆ ಎಂದು ಬೇರೆಯವರನ್ನು ಹುಡುಕಿದರು. ಮಧ್ಯಾಹ್ನದ ಪ್ಯಾಸೆಂಜರಿನಿಂದ ಇಳಿದು ಬರುವವರಲ್ಲಿ ಅವರು ಕಾಣದಂತಾದರು.

ಮಹಾನಂದಾ ಆಮೇಲೆ ಹಲವು ವರ್ಷ ನಮ್ಮಲ್ಲೇ ಇದ್ದಳು. ಒಂದು ಬದಲಾವಣೆ ಮಾತ್ರ ಆಯಿತು. ಸಂಜೆ ಮಾಲಕರು ನಡೀರಿ ನಡೀರಿ ಎಂದರೂ ಆಕೆ ಏಳುತ್ತಿರಲಿಲ್ಲ. ತಾನೇ ಬಂದ್ ಮಾಡಿ, ಪರದೆ ಕಪ್ಪಾಗುವ ತನಕ ಚೀಲ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದಳು. ಬಸ್ಸು ತಪ್ಪಿದರೆ ತಪ್ಪಲಿ. ಮಾಲಕರು ಸ್ವಿಚ್ಚಿನ ಹತ್ತಿರ ನಿಂತು ಕಾಯುತ್ತಿದ್ದರು. ಮದುವೆಯಾಗಿ ಸುಲೇಪೇಟಕ್ಕೆ ಹೋದ ಮೇಲೆ ಅಲ್ಲೇ ಒಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಾಳೆ.

ಆಕೆಯ ಫೋನು ಬಂದ ಮರುದಿನ ನಾನು ಮಾಲಕರ ಮನೆಗೆ ಹೋಗಿ ಸುದ್ದಿ ಹೇಳಿದೆ. ಆಫೀಸು ಈಗ ಮಗನ ಕೈಯಲ್ಲಿದೆ. ಮಾಲಕರು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ. ವಾಡಿಯವರು ಹೋದರಂತೆ ಎಂದೆ. ಪೇಪರು ಮಡಚಿದರು. ಅವರ ಮನೆಯವರು ಚಹಾ ತಂದುಕೊಟ್ಟರು, ಅದು ಆರಿತು. ಮಾಲಕರು ಕಪ್ಪು ಪಕ್ಕಕ್ಕೆ ಸರಿಸಿ, ‘ಅಂವ ನನಗ ಹೇಳಿದ್ದ. ನೀವೂ ಕೇಳೀರಿ’ ಅಂದರು. ಹೂಂ ಎಂದೆ. ಆ ಹುಡುಗಿಗೆ ಗೊತ್ತೇನು ಎಂದು ಕೇಳಿದರು. ನಾನಂತೂ ಹೇಳಿಲ್ಲ ಎಂದೆ. ಆಕೆಗೆ ಫೋನ್ ಹಚ್ಚಿಕೊಡ್ರಿ ಅಂದರು.

ಹಚ್ಚಿಕೊಟ್ಟೆ. ಫೋನನ್ನು ಎರಡೂ ಕೈಯಿಂದ ಹಿಡಿದುಕೊಂಡು, ಯಾವ ಪೀಠಿಕೆಯೂ ಇಲ್ಲದೆ, ‘ಅವತ್ತು ತಪ್ಪು ಅವರದಲ್ಲವ್ವಾ. ಅವರು ಹೇಳಿದ್ರೂ ನಾ ಮೇನ್ ಎಳದೆ’ ಎಂದರು. ಆ ಕಡೆಯಿಂದ ಆಕೆ ಏನೋ ಅಂದಳು. ಮಾಲಕರು ಕೇಳಿಸಿಕೊಂಡು, ಹೂಂ ಎಂದು, ಫೋನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ಆಕೆ ಇಟ್ಟಾಗಿತ್ತು.

ಏನಂದಳು ಎಂದು ನಾನು ಕೇಳಿದೆ.

‘ಮೇನ್ ಎಳೀಬ್ಯಾಡ್ರಿ ಅಂತ ಅವರು ನಿಮಗ ಹೇಳೂವಾಗ ನಾನೂ ಅಲ್ಲೇ ಬಾಜೂಕ ಕುಂತಿದ್ನಲ್ರಿ, ಅಂದ್ಲು.’ ಮಾಲಕರು ಓಣಿಯ ಕಡೆ ನೋಡುತ್ತಿದ್ದರು. ‘ಅವರು ಇದ್ದಾಗ ನೀವು ಅವರ ಮುಂದ ಹೇಳ್ತೀರೇನೋ ಅಂತ ಇಷ್ಟು ವರ್ಷ ಕಾಯ್ದೆ, ಅಂದ್ಲು.’